ಅಂತ, ಅಂತೆ, ಅಂದ್ರೆ: ಒಂದು ಪುಟ್ಟ ಕ್ರಿಯಾಪದದ ದೊಡ್ಡ ಸಂಸಾರ

ಭದ್ರಾವತಿಯಲ್ಲಿ ಬೆಳೆದವರಿಗೆ ಒಂದು ಲಾಭ ಇದೆ. ಊರು ಬಿಟ್ಟು ಎಲ್ಲೂ ಹೋಗದೇನೇ ಐದಾರು ಭಾಷೆ ಕಿವಿಗೆ ಬೀಳುತ್ತವೆ. ಕಾರಣ ಕಾರ್ಖಾನೆ. 1918ರಲ್ಲಿ ಮೈಸೂರು ಸಂಸ್ಥಾನ ಬೆಂಕಿಪುರ ಎಂಬ ಊರಿನಲ್ಲಿ, ಭದ್ರಾ ನದಿಯ ದಂಡೆಯಲ್ಲಿ, ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು. 1923ರಲ್ಲಿ ಮಲೆನಾಡಿನ ಕಾಡಿನ ಇದ್ದಿಲಿನಿಂದ ಬ್ಲಾಸ್ಟ್ ಫರ್ನೇಸ್ ಉರಿಯತೊಡಗಿತು. ಅಲ್ಲಿಂದ 1929ರ ತನಕ ಸರ್ ಎಂ. ವಿಶ್ವೇಶ್ವರಯ್ಯ ಅದರ ಅಧ್ಯಕ್ಷರಾಗಿದ್ದರು. 1936ರಲ್ಲಿ ಕಾಗದದ ಕಾರ್ಖಾನೆಯೂ ಬಂತು. ಬೆಂಕಿಪುರ ಭದ್ರಾವತಿ ಎನ್ನಿಸಿಕೊಂಡಿತು. ಕೆಲಸ ಹುಡುಕಿಕೊಂಡು ಬಂದ ತಮಿಳರು, ತೆಲುಗರು, ಮಲಯಾಳಿಗಳು, ಉರ್ದು, ಮರಾಠಿ, ಕೊಂಕಣಿ ಮನೆಮಾತಿನವರು ಎಲ್ಲ ಅಕ್ಕಪಕ್ಕದ ಕ್ವಾರ್ಟರ್ಸುಗಳಲ್ಲಿ ಸಂಸಾರ ಹೂಡಿದರು. ಹೀಗೆ ಒಂದೇ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ನಿಂತವರ ಮಾತಿನಲ್ಲಿ ಭಾಷಾಶಾಸ್ತ್ರದ ಒಂದು ದೊಡ್ಡ ಪಾಠವೇ ಸಿಗುತ್ತಿತ್ತು.

ಒಂದು ಸರಳ ವಾಕ್ಯ ತಗೊಳ್ಳಿ. "ನಾಳೆ ಬರ್ತೀನಿ ಅಂತ ಹೇಳ್ದ." ತಮಿಳಿನ ಮನೆಯಲ್ಲಿ ಇದು "ನಾಳೆಕ್ಕಿ ವರೇನ್ನು ಸೊನ್ನಾನ್". ತೆಲುಗಿನ ಮನೆಯಲ್ಲಿ "ರೇಪು ವಸ್ತಾನನಿ ಚೆಪ್ಪಾಡು". ಮಲಯಾಳಿಗಳಲ್ಲಿ "ನಾಳೆ ವರಾಮೆನ್ನು ಪರಞ್ಞು". ಸ್ವಲ್ಪ ಗಮನ ಕೊಟ್ಟು ನೋಡಿ. ಹೇಳ್ದ, ಸೊನ್ನಾನ್, ಚೆಪ್ಪಾಡು, ಪರಞ್ಞು.. ಇವು ನಾಲ್ಕೂ ಬೇರೆ ಬೇರೆ ಧಾತುಗಳು. ಒಂದಕ್ಕೊಂದು ಮುಖ ಹೋಲಿಕೆಯೂ ಇಲ್ಲ. ಆದರೆ ನಡುವೆ ಕೂತಿರೋ ಆ ಸಣ್ಣ ತುಣುಕು, ಕನ್ನಡದ ಅಂತ/ಎಂದು, ತಮಿಳಿನ ಎನ್ಱು (ಮಾತಿನಲ್ಲಿ ಬರೀ -ನ್ನು), ತೆಲುಗಿನ ಅನಿ, ಮಲಯಾಳದ ಎನ್ನು, ಇವೆಲ್ಲ ಒಂದೇ ತಾಯಿಯ ಮಕ್ಕಳು. ಎನ್ ಅಥವಾ ಅನ್ ಎಂಬ ಧಾತು. ಅರ್ಥ: ಹೇಳು, ನುಡಿ.

ಬರೋ ಮತ್ತು ಎಮೆನೋ ಸೇರಿ 1961ರಲ್ಲಿ ಹೊರತಂದ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶವನ್ನು (ಪರಿಷ್ಕೃತ ಆವೃತ್ತಿ 1984ರದ್ದು, ಅದು ಅಂತರ್ಜಾಲದಲ್ಲೂ ಸಿಗುತ್ತದೆ, ಒಮ್ಮೆ ಹೊಕ್ಕರೆ ರಾತ್ರಿ ಎರಡು ಗಂಟೆ ಆಗಿರುತ್ತೆ, ಎಚ್ಚರಿಕೆ!) ತೆರೆದರೆ ಈ ಧಾತುವಿನ ಸಂಸಾರ ಇನ್ನೂ ದೂರ ಹಬ್ಬಿರುವುದು ಕಾಣುತ್ತದೆ. ನೀಲಗಿರಿಯ ತೋಡ, ಕೋತ ಭಾಷೆಗಳಲ್ಲಿದೆ. ಗೊಂಡಿಯಲ್ಲಿದೆ, ಒಡಿಶಾದ ಕುಯಿಯಲ್ಲಿದೆ. ಝಾರ್ಖಂಡದ ಕುರುಖ್, ರಾಜಮಹಲ್ ಬೆಟ್ಟಗಳ ಮಾಲ್ತೋ ಭಾಷೆಗಳಲ್ಲಿ 'ಆನ್' ಎಂಬ ರೂಪದಲ್ಲಿದೆ. ಗಂಗಾನದಿಗೆ ಹತ್ತಿರದ ಬೆಟ್ಟದ ಮೇಲೆ ಒಬ್ಬ ಮಾಲ್ತೋ ಅಜ್ಜಿಯೂ ನ್ಯೂಟೌನಿನ ನಮ್ಮ ಅಜ್ಜಿಯೂ ಒಂದೇ ಧಾತು ಇಟ್ಟುಕೊಂಡು ಮಾತಾಡಿದ್ದಾರೆ ಎಂದರೆ ನನಗಂತೂ ಮೈ ಜುಮ್ ಅನ್ನುತ್ತೆ.

ಇಂಥದ್ದೇ ಸಂಸಾರ ಯೂರೋಪಿನಲ್ಲೂ ಇದೆ. ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳಲ್ಲಿ 'ಮಾತಾಡು' ಅನ್ನೋದಕ್ಕೆ ಒಬ್ಬೊಬ್ಬರದು ಒಂದೊಂದು ದಾರಿ. ಇಟಾಲಿಯನ್ನಿನ ಪಾರ್ಲಾರೆ, ಫ್ರೆಂಚಿನ ಪಾರ್ಲೇ (ಬಿಸ್ಕತ್ತಿಗೂ ಇದಕ್ಕೂ ಸಂಬಂಧ ಇಲ್ಲ :-) ) ಚರ್ಚಿನಲ್ಲಿ ಹೇಳುತ್ತಿದ್ದ ದೃಷ್ಟಾಂತ ಕಥೆಗಳ 'ಪರಾಬೊಲಾ'ದಿಂದ ಬಂದವು. ಸ್ಪ್ಯಾನಿಷ್‌ನ ಅಬ್ಲಾರ್, ಪೋರ್ಚುಗೀಸಿನ ಫಲಾರ್ ಕಟ್ಟುಕಥೆಯ 'ಫಾಬುಲಾ'ದಿಂದ ಬಂದವು. ರೊಮೇನಿಯನ್ನರದು ಇನ್ನೊಂದೇ, ವೊರ್ಬಿ. ಆದರೆ 'ಅನ್ನು' ಎಂಬ ಅರ್ಥಕ್ಕೆ ಬಂದ ಕೂಡಲೇ ಎಲ್ಲರೂ ಒಂದೇ ಮನೆಗೆ ವಾಪಸು. ಲ್ಯಾಟಿನ್ನಿನ ದೀಕೆರೆ ಇಟಾಲಿಯನ್ನಿನಲ್ಲಿ ದೀರೆ, ಫ್ರೆಂಚಿನಲ್ಲಿ ದೀರ್, ಸ್ಪ್ಯಾನಿಷಿನಲ್ಲಿ ದೆಸೀರ್, ಪೋರ್ಚುಗೀಸಿನಲ್ಲಿ ದಿಜೇರ್, ರೊಮೇನಿಯನ್ನಿನಲ್ಲಿ ಜಿಚೆ. ನಮ್ಮಲ್ಲಿ ಹೇಳು-ಸೊಲ್-ಚೆಪ್ಪು-ಪರ ಬೇರೆಬೇರೆಯಾಗಿ ಅನ್ ಮಾತ್ರ ಉಳಿದಂತೆ ಅಲ್ಲಿ ದೀಕೆರೆ ಉಳಿದಿದೆ. ದಿನಾ ಸಾವಿರ ಸಲ ಬಾಯಿಗೆ ಬರೋ ಪದವನ್ನು ಬದಲಾಯಿಸುವುದು ಕಷ್ಟ ಅಂತ ಕಾಣುತ್ತೆ.

ಈ ದೀಕೆರೆಯ ಮೂಲ ಅರ್ಥ 'ತೋರಿಸು'. ಸಂಸ್ಕೃತದ ದಿಶ್ ಧಾತು ಇದರ ಸೋದರ. ಅಂದರೆ ನಮ್ಮ ದಿಕ್ಕು, ದೇಶ, ಉಪದೇಶ, ನಿರ್ದೇಶಕ ಎಲ್ಲ ಫ್ರೆಂಚರ ದೀರ್‌ಗೆ ದೂರದ ನೆಂಟರು. ಬೆರಳು ತೋರಿಸುವುದು ಮಾತಾಗಿ ಬದಲಾದ ಕಥೆ ಅದು. ನಮ್ಮ ಅನ್ ಧಾತುವಿನದು ಉಲ್ಟಾ ಕಥೆ. ಮಾತು ಅನ್ನೋ ಅರ್ಥದಲ್ಲಿ ಶುರುವಾಗಿ, ಸವೆದು ಸವೆದು, ವಾಕ್ಯಗಳನ್ನು ಒಂದಕ್ಕೊಂದು ಅಂಟಿಸುವ ಗೋಂದಾಯಿತು.

ಎಂದು ಅಂದರೆ ಮೂಲದಲ್ಲಿ 'ಹೇಳಿ', ಹೇಳಿದ ಮೇಲೆ. ತಿಂದು, ಬಂದು ಇದ್ದಹಾಗೆ ಎಂದು. ಮಾತಿನ 'ಅಂತ' ಬಂದಿದ್ದು 'ಅನ್ನುತ್ತ' ಸವೆದು. ಹಾಗಾಗಿ "ಬರ್ತೀನಿ ಅಂತ ಹೇಳ್ದ" ಅನ್ನುವಾಗ ನಿಜಕ್ಕೂ ನಾವು "ಬರ್ತೀನಿ ಅನ್ನುತ್ತ ಹೇಳ್ದ" ಅಂತ ಎರಡೆರಡು ಸಲ ಹೇಳುತ್ತಿದ್ದೇವೆ. ಕೇಳುವವರಿಗೆ ಅದು ಗೊತ್ತೇ ಆಗಲ್ಲ. ಚಂದನದ 'ಥಟ್ ಅಂತ ಹೇಳಿ' ಕಾರ್ಯಕ್ರಮದ ಹೆಸರಲ್ಲೂ ಹೇಳುವ ಕ್ರಿಯಾಪದ ಎರಡಿವೆ, ಒಂದು ಸತ್ತಿದೆ, ಒಂದು ಬದುಕಿದೆ. (ಎಂದು ಬರ್ತೀಯ ಅನ್ನೋ ಪ್ರಶ್ನೆಯ 'ಎಂದು' ಬೇರೆ ಸ್ವಾಮಿ. ಅದು ಯಾವಾಗ ಎಂಬರ್ಥದ್ದು. ಒಂದೇ ಹೆಸರಿನ ಎರಡು ಫೈಲುಗಳು, ಫೋಲ್ಡರ್ ಬೇರೆ.)

ನಮ್ಮ ವೃತ್ತಿಯವರಿಗೆ ಇದರಲ್ಲಿ ಒಂದು ತಮಾಷೆ ಕಾಣುತ್ತೆ. ಇಂಗ್ಲಿಷಿನ 'ದಟ್' ಆಗಲಿ, ಹಿಂದಿಯ 'ಕಿ' ಆಗಲಿ, ಫ್ರೆಂಚ್-ಸ್ಪ್ಯಾನಿಷಿನ 'ಕೆ' ಆಗಲಿ ಉದ್ಧರಣೆಗೆ ಮೊದಲು ಬರುತ್ತವೆ. "ಉಸ್ನೇ ಕಹಾ ಕಿ..." ಅಂದ ಕೂಡಲೇ ಮುಂದೆ ಬರೋದು ಇನ್ನೊಬ್ಬನ ಮಾತು ಅಂತ ಗೊತ್ತಾಗುತ್ತೆ. ಅಂದರೆ ಅವರಲ್ಲಿ ತೆರೆಯುವ ಕೋಟ್ ಇದೆ, ಮುಚ್ಚುವುದು ಇಲ್ಲ. ನಮ್ಮಲ್ಲಿ ಮುಚ್ಚುವ ಕೋಟ್ ಇದೆ, ತೆರೆಯುವುದು ಇಲ್ಲ! "ಸೊಸೈಟೀಲಿ ಅಕ್ಕಿ ಬಂದಿದೆ, ಈಗಲೇ ಹೋಗಿ ಕ್ಯೂ ನಿಂತ್ಕೋ, ಚೀಟಿ ಮರೀಬೇಡ.." ಎಂದು ಯಾರೋ ಹೇಳುತ್ತಾ ಹೋದರೆ ಕೇಳುವವನು ಚೀಲ ಹುಡುಕಲು ಎದ್ದಿರುತ್ತಾನೆ. ಕೊನೆಗೆ "..ಅಂತ ನಮ್ಮತ್ತೆ ಹೋದ ವಾರ ಹೇಳಿದ್ರು" ಅಂದಾಗ ಎದ್ದವನು ಮತ್ತೆ ಕೂರಬೇಕು. ಅಲ್ಲಿಯ ತನಕ ಓದಿದ್ದನ್ನೆಲ್ಲ ಮೆದುಳು ಹಿಂದಕ್ಕೆ ಹೋಗಿ ಕೋಟಿನೊಳಗೆ ಹಾಕಬೇಕು. ಹಳೇ ಎಚ್‌ಪಿ ಕ್ಯಾಲ್ಕುಲೇಟರಿನಲ್ಲಿ ಮೊದಲು ಸಂಖ್ಯೆಗಳನ್ನೆಲ್ಲ ಒತ್ತಿ, ಕೂಡಬೇಕೋ ಕಳೆಯಬೇಕೋ ಅಂತ ಆಮೇಲೆ ಒತ್ತುತ್ತಿದ್ದೆವಲ್ಲ, ಹಾಗೆ. ಕ್ರಿಯಾಪದ ಕೊನೆಗೆ ಬರುವ ಭಾಷೆಗೆ ಇದು ಸಹಜವಾದ ಏರ್ಪಾಟು.

ಇಂಗ್ಲಿಷಿನಲ್ಲಿ ಬರೆದ ಸಾಫ್ಟ್‌ವೇರನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದವರಿಗೆ ಈ ನೋವು ಗೊತ್ತಿರುತ್ತೆ. "ಇಂಥವರು ಹೇಳಿದ್ದಾರೆ:" ಅಂತ ಮೊದಲ ಅರ್ಧವನ್ನು ಅನುವಾದಕ್ಕೆ ಕೊಟ್ಟು, ಉಳಿದ ಅರ್ಧವನ್ನು ಪ್ರೋಗ್ರಾಂ ತಂದು ಹಿಂದೆ ಅಂಟಿಸುತ್ತೆ. ಕೊನೆಗೆ 'ಅಂತ' ಹಾಕಲು ಜಾಗವೇ ಇಲ್ಲ. ಮಾತು ಬಾಗಿಲು ತೆರೆದಿಟ್ಟ ಮನೆಯ ಹಾಗೆ ಉಳಿಯುತ್ತೆ.

ಇನ್ನೊಂದು ಪಜೀತಿ. "ನಾನು ದಡ್ಡ ಅಂತ ರಮೇಶ ಹೇಳ್ದ." ದಡ್ಡ ಯಾರು? ನಾನೋ ರಮೇಶನೋ? ಅನ್ ಧಾತು ಹೇಳಿದವನ ಮಾತನ್ನು ಹೇಳಿದ ಹಾಗೇ ತಂದಿಡುತ್ತದೆ, ಹಾಗಾಗಿ ರಮೇಶನ 'ನಾನು' ರಮೇಶನ ಬಾಯಿಂದಲೇ ಬರಬಹುದು. ಈ ಗೊಂದಲ ಬೇಡ ಅನ್ನುವವರಿಗೆ 'ತಾನು' ಇದೆ: "ತಾನು ದಡ್ಡ ಅಂತ ರಮೇಶ ಹೇಳ್ದ." ಮಾತಿನಲ್ಲಿ 'ತಾನು' ಬಳಸುವವರು ಕಡಿಮೆಯಾಗುತ್ತಿದ್ದಾರೆ ಅಂತ ನನಗನ್ನಿಸುತ್ತೆ. ಹೋಗಬಾರದು, ಬಹಳ ಉಪಕಾರಿ ಪದ.

ಈ ಮುಚ್ಚುವ ಕೋಟ್ ಎಷ್ಟು ಹಳೆಯದು? ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ಹುಟ್ಟಿದ 1936ರಲ್ಲೇ ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಶಾಸನತಜ್ಞ ಎಂ. ಎಚ್. ಕೃಷ್ಣ ಅವರಿಗೆ ಒಂದು ಕಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 450ರ ಕಾಲದ್ದು, ಕದಂಬರ ಆಳ್ವಿಕೆಯದು. ನಾವೆಲ್ಲ ಶಾಲೆಯಲ್ಲಿ ಕನ್ನಡದ ಮೊದಲ ಶಾಸನ ಅಂತ ಬಾಯಿಪಾಠ ಮಾಡಿದ್ದು ಇದನ್ನೇ. (ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಈಚೆಗೆ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಳೆಯದು, ಸುಮಾರು 370ರದ್ದು ಎಂಬ ವಾದ ಇದೆ. ಜಿಲ್ಲಾಭಿಮಾನದಿಂದ ನಾನು ಆ ವಾದದ ಕಡೆ.) ಹಲ್ಮಿಡಿ ಶಾಸನದ ಬಹುಪಾಲು ಉದ್ದುದ್ದ ಸಂಸ್ಕೃತ ಸಮಾಸಗಳೇ. ಈ ಸಮಾಸಗಳ ನಡುವೆ, ಪಶುಪತಿ ಎಂಬ ವೀರನನ್ನು ಜನ ಹೊಗಳುವ ಕಡೆ, ಹೊಗಳಿಕೆ ಮುಗಿದ ಜಾಗದಲ್ಲಿ 'ಎನ್ದು' ಅಂತ ಒಂದು ಪದ ಕೂತಿದೆ. ಸಂಸ್ಕೃತವನ್ನು ಎಷ್ಟು ಬೇಕಾದರೂ ತುಂಬಿ, ಕಟ್ಟು ಹಾಕುವ ಹಗ್ಗ ಮಾತ್ರ ಕನ್ನಡದ್ದು. ಆಗ ಕೋಟುಗಳಿಲ್ಲ, ಪೂರ್ಣವಿರಾಮವಿಲ್ಲ, ಪದಗಳ ನಡುವೆ ಜಾಗ ಬಿಡುವ ಪದ್ಧತಿಯೂ ಇಲ್ಲ. ಕಲ್ಲಿನ ಮೇಲೆ ಹೇಳಿದ್ದು ಎಲ್ಲಿಗೆ ಮುಗಿಯಿತು ಅಂತ ತೋರಿಸುವ ಕೆಲಸ ಈ ಎನ್ದುವಿನದೇ. ಸಾವಿರದ ಐನೂರು ವರ್ಷ ಆಗಿದೆ, ನಾವು ಇವತ್ತು ಬರೆದರೂ ಅದೇ ಪದ, ಅದೇ ಜಾಗ, ಅದೇ ಕೆಲಸ. ಹಳಗನ್ನಡದ ಎಷ್ಟೋ ಪದಕ್ಕೆ ಅರ್ಥಕೋಶ ಬೇಕು, ಇದಕ್ಕೆ ಬೇಡ.

ಅಷ್ಟು ಹೊತ್ತಿಗೆ ಈ ಧಾತು ಬರೀ ಮಾತಿನ ಕೆಲಸಕ್ಕೆ ನಿಂತಿರಲಿಲ್ಲ. ಇವತ್ತಿನ ಕನ್ನಡದಲ್ಲಂತೂ ಇದು ಹೋಗದ ಜಾಗ ಇಲ್ಲ. ಮನಸ್ಸಿನಲ್ಲಿ ಅಂದುಕೊಂಡರೆ ಯೋಚನೆ: ಅಂದ್ಕೊಂಡೆ, ಅಂದರೆ ನನಗೆ ನಾನೇ ಹೇಳಿಕೊಂಡೆ. ಇನ್ನೇನೋ ನಮ್ಮಿಂದ ಅನ್ನುವಂತೆ ಮಾಡಿದರೆ ಅನ್ನಿಸುವುದು: ನನಗೆ ಹಾಗನ್ನಿಸ್ತು. ಹಾಗೆ ಅನ್ನಿಸಿದ್ದೇ ಅನಿಸಿಕೆ, ಬ್ಲಾಗಿಗರಾದ ನಮ್ಮ ದಿನನಿತ್ಯದ ಸರಕು. ಊರಿನವರ ಬಾಯಲ್ಲಿ ಒಳ್ಳೆಯವನು ಅನ್ನಿಸ್ಕೊಂಡರೆ ಮರ್ಯಾದೆ, ಮೇಷ್ಟರ ಹತ್ತಿರ ಬರೀ ಅನ್ನಿಸ್ಕೊಂಡರೆ ಬೈಗುಳ. "ನೋಡೋಣ ಅಂತ ಬಂದೆ" ಅಂದರೆ ಉದ್ದೇಶ. "ಮಳೆ ಬರುತ್ತೆ ಅಂತ ಕೊಡೆ ತಂದೆ" ಅಂದರೆ ಕಾರಣ. ಇಲ್ಲೆಲ್ಲೂ ಯಾರೂ ಏನೂ ಮಾತಾಡಿಲ್ಲ ನೋಡಿ! ಆದರೂ ಉದ್ದೇಶ, ಕಾರಣ, ಭಯ, ಆಸೆ ಎಲ್ಲವನ್ನೂ ಕನ್ನಡ ಒಳಗೊಳಗೇ ಆಡಿದ ಒಂದು ಮಾತು ಅಂತಲೇ ಲೆಕ್ಕ ಹಾಕುತ್ತದೆ.

ಇಷ್ಟೇ ಅಲ್ಲ, ಬಾಯೇ ಇಲ್ಲದ್ದೂ ಅನ್ನುತ್ತದೆ. ಪಾತ್ರೆ ಧಡ್ ಅಂತು. ಕಾರ್ಖಾನೆ ಸೈರನ್ ಕೂ ಅಂತು. ಶಬ್ದವಾದರೂ ಸರಿ, ಶಬ್ದವೇ ಇಲ್ಲದ್ದೂ ಅನ್ನುತ್ತದೆ: ಮುಖ ಕಳೆಕಳೆ ಅಂತಿದೆ, ಮನೆ ಬಿಕೋ ಅಂತಿದೆ, ತಲೆ ಧಿಂ ಅಂತಿದೆ. ಬಿಕೋ ಅನ್ನುವ ಮನೆ ಏನು ಹೇಳ್ತಿದೆ? "ಬಿಕೋ" ಅಂತ ಹೇಳ್ತಿದೆ. ಇದಕ್ಕಿಂತ ಚೆನ್ನಾಗಿ ಖಾಲಿ ಮನೆಯನ್ನು ವರ್ಣಿಸಲು ಸಾಧ್ಯವೇ? ಡಿ. ಎನ್. ಶಂಕರ ಭಟ್ಟರ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಪುಸ್ತಕ 2000ದಲ್ಲಿ ಬಂತು. ಅವರ ಬರವಣಿಗೆಯ ರೀತಿ, ಪದಗಳ ಆಯ್ಕೆ ಒಪ್ಪದವರೂ ಬ್ಲಾಗಿಗರಲ್ಲಿ ಬಹಳ ಜನ ಇದ್ದಾರೆ. ಆದರೆ ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ದರೆ ಇಂಥವೆಲ್ಲ ಅಚ್ಚಿನ ಹೊರಗೆ ಚೆಲ್ಲಿಹೋಗುತ್ತವೆ ಅನ್ನೋದು ಮಾತ್ರ ನಿಜ. ಶಾಲೆಯ ವ್ಯಾಕರಣದಲ್ಲಿ 'ಅನುಕರಣಾವ್ಯಯ' ಅಂತ ಒಂದು ಸಾಲು ಬರೆಸಿ ಮುಂದೆ ಹೋಗಿಬಿಟ್ಟರು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ತುಣುಕಿಗೆ ಬರ್ತೀನಿ. ಅಂತೆ.

'ನಿನ್ನಂತೆ', 'ಹೇಳಿದಂತೆ' ಅನ್ನುವ ಹೋಲಿಕೆಯ ಅಂತೆ ಒಂದಿದೆ. ಅದು ಆ, ಅಂತು, ಅಂಥ ಇವುಗಳ ಮನೆಯದು. ನಾನು ಹೇಳುತ್ತಿರುವುದು ಸುದ್ದಿಯ ಅಂತೆ: "ಅವನು ಬಂದನಂತೆ." ಇದನ್ನು ಹೋಲಿಕೆಯ ಅಂತೆಗೆ ಗಂಟುಹಾಕಿಯೂ ವಾದ ಮಾಡಬಹುದು, ಅನ್ ಧಾತುವಿಗೆ ಗಂಟುಹಾಕಿಯೂ ವಾದ ಮಾಡಬಹುದು. ನನ್ನ ಓಟು ಅನ್ ಕಡೆಗೆ, ಯಾಕೆಂದರೆ ಪಕ್ಕದ ತೆಲುಗಿನಲ್ಲಿ ಇದೇ ಜಾಗಕ್ಕೆ ಬರುವ "ವಚ್ಚಾಡಂಟ" ಅನ್ನೋದರಲ್ಲಿ 'ಅನು' ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿದೆ. ತಮಿಳು ಈ ಕೆಲಸಕ್ಕೆ ಬೇರೆ ಧಾತು ಹಿಡಿಯಿತು. "ವಂದಾನಾಂ" ಅನ್ನುವಲ್ಲಿಯ 'ಆಂ' ನಮ್ಮ 'ಆಗು' ಧಾತುವಿನ ನೆಂಟ. (ಇಲ್ಲೊಂದು ಹಳ್ಳ ಇದೆ. ತೆಲುಗಿನಲ್ಲಿ 'ಅಂಟೇ' ಅಂದರೆ ಕನ್ನಡದ 'ಅಂದರೆ'. ಕನ್ನಡದ 'ಅಂತೆ'ಗೆ ತೆಲುಗಿನಲ್ಲಿ 'ಅಂಟ'. ಪಕ್ಕದ ಮನೆ ತೆಲುಗು ಅಕ್ಕ ಏನೋ ಬಿಡಿಸಿ ಹೇಳಲು "ಅಂಟೇ.." ಅಂತ ಶುರುಮಾಡಿದರೆ, ಹೊಸದಾಗಿ ಬಂದ ಕನ್ನಡದವರು ಯಾವುದೋ ಗಾಳಿಸುದ್ದಿ ಅಂತ ಕಿವಿ ನಿಮಿರಿಸುತ್ತಾರೆ.)

ಈ ಸುದ್ದಿಯ ಅಂತೆ ಏನು ಮಾಡುತ್ತೆ? ಹೇಳಿದ ಮಾತಿಗೆ ನಾನು ಸಾಕ್ಷಿ ಅಲ್ಲ ಅಂತ ಕೈತೊಳೆದುಕೊಳ್ಳುತ್ತೆ. ನಮ್ಮ ಊರು ಎಷ್ಟೋ ವರ್ಷದಿಂದ ಈ ಒಂದು ಪದದ ಮೇಲೆ ಬದುಕಿದೆ. ಮುಚ್ತಾರಂತೆ. ಇಲ್ಲ, ದುಡ್ಡು ಹಾಕ್ತಾರಂತೆ. ಖಾಸಗಿಯವರಿಗೆ ಕೊಡ್ತಾರಂತೆ. ಈ ಸಲ ಬಜೆಟ್ಟಿನಲ್ಲಿ ಬರುತ್ತಂತೆ. ಹಾಲಿನ ಬೂತು, ಕಟಿಂಗ್ ಶಾಪು, ಶಿವಮೊಗ್ಗಕ್ಕೆ ಹೋಗೋ ಬಸ್ಸು, ಎಲ್ಲ ಕಡೆ ಇದೇ. ನಮ್ಮ ಮನೆಯಲ್ಲಿ ಅಪ್ಪ ಶಿಫ್ಟು ಮುಗಿಸಿ ಬಂದು ಚಪ್ಪಲಿ ಬಿಡುತ್ತಾ "ಮುಚ್ತಾರಂತೆ ಕಣೇ" ಅಂದರೆ ಅಮ್ಮ ಒಳಗಿನಿಂದ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾರಂದ್ರು?" ಅಪ್ಪನಿಗೆ ಉತ್ತರ ಗೊತ್ತಿರುತ್ತಿರಲಿಲ್ಲ, ಅಥವಾ ಇನ್ನೊಬ್ಬರ ಹೆಸರು ಹೇಳುತ್ತಿದ್ದರು, ಅವರಿಗೂ ಇನ್ಯಾರೋ ಅಂದಿರುತ್ತಿದ್ದರು. ಅಮ್ಮ "ಹಾಗಾದ್ರೆ ಊಟಕ್ಕೆ ಬನ್ನಿ" ಅನ್ನೋಳು. ಅಂತೆ ಇರುವ ತನಕ ಊಟ ಸೇರುತ್ತಿತ್ತು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಅಧಿಕೃತವಾಗಿ ಹೊರಬಂದಾಗ ನನಗೆ ಫೋನ್ ಮಾಡಿದ ಅಪ್ಪ "ಮುಚ್ತಾರೆ" ಅಂದರು. ಅಂತೆ ಇರಲಿಲ್ಲ. ನಾನು ಬೆಂಗಳೂರಿನಲ್ಲಿ ಆಫೀಸಿನ ಕಾರಿಡಾರಿನಲ್ಲಿ ನಿಂತು ಆ ಇಲ್ಲದ ಎರಡಕ್ಷರವನ್ನೇ ಕೇಳಿಸಿಕೊಂಡೆ. ಅದೇ ವರ್ಷ ಆಗಸ್ಟಿನಲ್ಲಿ ಒಂದು ಭಾಗದ ಕೆಲಸ ಮತ್ತೆ ಶುರುವಾಯಿತು. ಅಂತೆಗಳೂ ಮತ್ತೆ ಶುರುವಾದವು. ಊರು ಉಸಿರಾಡಿತು.

ಸ್ಥಳಪುರಾಣಕ್ಕೂ ಇದೇ ಅಂತೆ. ಶಿವಮೊಗ್ಗದಲ್ಲಿ ದೂರ್ವಾಸ ಮುನಿಗಳ ಆಶ್ರಮ ಇತ್ತಂತೆ, ಅಲ್ಲಿ ಒಂದು ಮೊಗೆಯಲ್ಲಿ ಸಿಹಿಯಾದ ಗಿಡಮೂಲಿಕೆ ಸದಾ ಕುದಿಯುತ್ತಿತ್ತಂತೆ, ದನಕಾಯುವ ಹುಡುಗರು ರುಚಿ ನೋಡಿ ಸಿಹಿಮೊಗೆ ಅಂದರಂತೆ. ಇಲ್ಲ, ಶಿವನ ಮುಖ ಅಂತ ಇನ್ನು ಕೆಲವರು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಊರಿನ ಹೆಸರು ಶಿವಮೊಗ್ಗ ಅಂತ ಅಧಿಕೃತವಾಯಿತು, ಅದು ಮಾತ್ರ ಅಂತೆ ಅಲ್ಲ, ಸರ್ಕಾರಿ ಆದೇಶ. ಪುರಾಣ ಹೇಳುವಾಗ ಪ್ರತಿ ವಾಕ್ಯಕ್ಕೂ ಅಂತೆ ಹಚ್ಚುವ ನಮ್ಮ ಅಜ್ಜಿಯರು ಇತಿಹಾಸಕಾರರಿಗಿಂತ ಪ್ರಾಮಾಣಿಕರು ಅಂತ ನನ್ನ ಅಭಿಪ್ರಾಯ. ಪತ್ರಿಕೆಗಳ 'ಎನ್ನಲಾಗಿದೆ' ಇದೆಯಲ್ಲ, ಅದೂ ಇದೇ ಧಾತು, ಆದರೆ ಅದರ ಬುದ್ಧಿ ಬೇರೆ. "ಕೈವಾಡವಿದೆ ಎನ್ನಲಾಗಿದೆ." ಯಾರಿಂದ ಎನ್ನಲಾಗಿದೆ? ಅಂತೆ ಅನ್ನುವವನು ತನಗೆ ಗೊತ್ತಿಲ್ಲ ಅಂತ ಒಪ್ಪಿಕೊಳ್ಳುತ್ತಾನೆ. ಎನ್ನಲಾಗಿದೆ ಅನ್ನುವವನು ಗೊತ್ತಿರೋ ಹಾಗೆ ಮುಖ ಮಾಡುತ್ತಾನೆ.

ಸ್ವಾರಸ್ಯ ಏನಂದರೆ, ಲ್ಯಾಟಿನ್ ಮಕ್ಕಳೂ ತಮ್ಮ ದೀಕೆರೆಯಿಂದ ಥೇಟ್ ಇಂಥದ್ದೇ ಪದಗಳನ್ನು ಮಾಡಿಕೊಂಡಿದ್ದಾರೆ. ಮೆಕ್ಸಿಕ್ಕೊ, ಕೊಲಂಬಿಯಾದ ಸ್ಪ್ಯಾನಿಷಿನಲ್ಲಿ 'ದಿಸ್ಕೆ' ಅಂತ ಒಂದಿದೆ. 'ಅನ್ನುತ್ತಾರೆ' ಎಂಬರ್ಥದ ಎರಡು ಪದ ಸವೆದು ಒಂದಾಗಿದ್ದು. ಕೆಲಸ: ಅಂತೆ. ರೊಮೇನಿಯನ್ನಿನಲ್ಲಿ 'ಜಿಚೆ ಕ' ಸವೆದು 'ಚಿಕ' ಆಗಿದೆ. ಅಲ್ಲಿಯ ಕಥೆ, ಜೋಕುಗಳಲ್ಲಿ ಇದರದೇ ಹಾವಳಿ, ನಮ್ಮ "ಒಂದೂರಲ್ಲಿ ಒಬ್ಬ ರಾಜ ಇದ್ನಂತೆ" ಇದ್ದಹಾಗೆ. ನಮ್ಮ 'ಅಂದರೆ'ಗೂ ಅವರಲ್ಲಿ ಜೋಡಿಗಳಿವೆ. ಫ್ರೆಂಚರ 'ಸೆ ತಾ ದೀರ್', ಸ್ಪ್ಯಾನಿಷಿನ 'ಎಸ್ ದೆಸೀರ್', ಪೋರ್ಚುಗೀಸಿನ 'ಕೇರ್ ದಿಜೇರ್', ಎಲ್ಲದರ ಒಳಗೂ ಆ ಹೇಳುವ ಧಾತುವೇ ಕೂತಿದೆ. ಒಂದೇ ವ್ಯತ್ಯಾಸ. ಅವರದು ಮಾತಿಗೆ ಮೊದಲು ಬರುತ್ತೆ, ನಮ್ಮದು ಬಾಲಕ್ಕೆ.

ಹಾಗಾದರೆ ಅಕ್ಕಪಕ್ಕ ಬಾಳಿದ ಬೇರೆ ಕುಲದ ಭಾಷೆಗಳು ಏನು ಮಾಡಿದವು? ನಲ್ಲಿಯ ಮುಂದಿನ ಸಾಲಿಗೆ ವಾಪಸು ಹೋಗೋಣ. ನಮ್ಮ ಕಡೆಯ ದಖನಿ ಉರ್ದುವಿನಲ್ಲಿ "ಕಲ್ ಆತೂಂ ಬೋಲ್ಕೆ ಬೋಲ್ಯಾ". ಉತ್ತರದವರ 'ಕಿ' ಎಲ್ಲಿ ಹೋಯಿತು? ಅದರ ಬದಲು 'ಬೋಲ್ಕೆ', ಅಂದರೆ 'ಹೇಳಿ', ಕನ್ನಡದ ಎಂದು ಕೂತ ಜಾಗದಲ್ಲೇ ಕೂತಿದೆ. 'ಅಂದರೆ'ಗೆ 'ಬೋಲೇ ತೋ'. 2003ರ ಮುನ್ನಾಭಾಯಿ ಸಿನಿಮಾದ ಮೇಲೆ ಇದು ದೇಶಕ್ಕೆಲ್ಲ ಗೊತ್ತಾಯಿತು. ಮರಾಠಿಯಲ್ಲಿ "ಉದ್ಯಾ ಯೇತೋ ಮ್ಹಣೂನ್ ಸಾಂಗಿತಲಂ". ಅಂತ = ಮ್ಹಣೂನ್. ಅಂದರೆ = ಮ್ಹಣಜೆ. ಅಂತೆ = ಮ್ಹಣೇ. ಇಡೀ ಸೆಟ್ಟು ಇದೆ! ಕೊಂಕಣಿಯಲ್ಲೂ 'ಮ್ಹಳ್ಯಾರ್' ಅಂದರೆ 'ಅಂದರೆ'. ಮ್ಹಣ್ ಬಂದಿದ್ದು ಸಂಸ್ಕೃತದ ಭಣ್ ಧಾತುವಿನಿಂದ, ನಮ್ಮ ಅನ್‌ಗೂ ಅದಕ್ಕೂ ರಕ್ತಸಂಬಂಧ ಇಲ್ಲ. ಪದ ಅವರದೇ, ಪದ ಮಾಡುವ ಕೆಲಸ ಮಾತ್ರ ದ್ರಾವಿಡದ್ದು. ಬಂಗಾಳಿಯ 'ಬೋಲೇ', ನೇಪಾಳಿಯ 'ಭನೇರ', ಸಿಂಹಳದ 'ಕಿಯಲಾ' ಎಲ್ಲವೂ 'ಹೇಳಿ' ಎಂಬರ್ಥದವೇ, ಎಲ್ಲವೂ ಮಾತಿನ ಕೊನೆಗೆ ಕೂತು ಕೋಟು ಮುಚ್ಚುವಂಥವೇ.

ಇನ್ನು ಸಂಸ್ಕೃತದ 'ಇತಿ'. ಅದೂ ಮಾತಿನ ಕೊನೆಗೇ ಬರುತ್ತೆ, ಅದೂ ಮುಚ್ಚುವ ಕೋಟೇ. ಎಮೆನೋ 1956ರಲ್ಲಿ ಭಾರತವನ್ನು ಒಂದು 'ಭಾಷಾವಲಯ' ಅಂತ ಕರೆದು ಇಂಥ ಹಂಚಿಕೆಗಳ ಕಡೆ ಗಮನ ಸೆಳೆದರು. 1967ರಲ್ಲಿ ಕ್ಯೂಪರ್ ಎಂಬ ಡಚ್ ವಿದ್ವಾಂಸರು ಋಗ್ವೇದದ ಕಾಲದಲ್ಲೇ ಇತಿಯ ಈ ಬಳಕೆಯ ಹಿಂದೆ ದ್ರಾವಿಡದ ಪ್ರಭಾವ ಇದೆ ಅಂತ ವಾದಿಸಿದರು. ಹಾನ್ಸ್ ಹೆನ್ರಿಕ್ ಹಾಕ್ ಇದನ್ನು ಒಪ್ಪಲಿಲ್ಲ. ಇತಿ ಇಂಡೋ-ಯೂರೋಪಿಯನ್ ಮೂಲದಿಂದಲೇ ತಾನಾಗಿ ಬೆಳೆದಿರಬಹುದು ಅನ್ನೋದು ಅವರ ವಾದ. ನನಗೆ ಹಾಕ್ ಅವರ ಎಚ್ಚರಿಕೆ ಸರಿ ಅನ್ನಿಸುತ್ತೆ. ಮೂರು ಸಾವಿರ ವರ್ಷದ ಹಿಂದೆ ಯಾರು ಯಾರಿಂದ ಕಲಿತರು ಅಂತ ಆಣೆ ಮಾಡಿ ಹೇಳುವುದು ಕಷ್ಟ. ಆದರೆ ಬೋಲ್ಕೆ, ಮ್ಹಣೂನ್ ವಿಷಯ ಹಾಗಲ್ಲ. ಅವು ಹೀಗೆ ಬೆಳೆದದ್ದು ದ್ರಾವಿಡ ಭಾಷೆಯವರ ಪಕ್ಕದ ಮನೆಯಲ್ಲೇ.

ನಮ್ಮ ಕುಲದೊಳಗೂ ಈ ಧಾತುವನ್ನು ಬಿಟ್ಟು ಬೇರೆ ಹಿಡಿದವರಿದ್ದಾರೆ. ತುಳುವರು ಹೇಳುವುದಕ್ಕೆ ಪಣ್ ಅನ್ನುತ್ತಾರೆ, 'ಅಂದರೆ' ಅನ್ನುವ ಕಡೆ ಅವರದು 'ಪಂಡ'. ಇನ್ನು ಪುತ್ತೂರು, ಕಾಸರಗೋಡು ಕಡೆಯ ಹವ್ಯಕರ ಕನ್ನಡದಲ್ಲಿ ಅಂತ ಬೇಕಾದ ಕಡೆ 'ಹೇಳಿ' ಬರುತ್ತೆ, ಅಂದರೆ ಬೇಕಾದ ಕಡೆ 'ಹೇಳಿರೆ'. "ಬತ್ತೆ ಹೇಳಿ ಹೇಳಿದ." ಕೇಳಲು ಬೆಣ್ಣೆಯ ಹಾಗಿರುತ್ತೆ. ಎಂದು ಅನ್ನೋದರಲ್ಲಿ 'ಹೇಳು' ಎಂಬ ಅರ್ಥ ಸವೆದುಹೋದ ಮೇಲೆ, ಇನ್ನೊಂದು ಹೊಸ ಹೇಳುವ ಧಾತುವನ್ನು ತಂದು ಅದೇ ಗೂಟಕ್ಕೆ ಕಟ್ಟಿದ್ದಾರೆ. ಇನ್ನು ಐನೂರು ವರ್ಷಕ್ಕೆ ಅದೂ ಸವೆದು 'ಏಳಿ', 'ಳಿ' ಆದರೆ ಆಶ್ಚರ್ಯ ಇಲ್ಲ.

ಧಾರವಾಡದ ಕಡೆಯವರ 'ಅಂತಂದ್', ಕುಂದಾಪ್ರ, ಕೊಡವ, ಬಡಗ, ಸೋಲಿಗರ ಮಾತು ಇವೆಲ್ಲ ಬಾಕಿ ಉಳಿದವು. ನಿಮ್ಮ ಮನೆಮಾತಿನಲ್ಲಿ "ನಾಳೆ ಬರ್ತೀನಿ ಅಂತ ಹೇಳ್ದ" ಅನ್ನೋದಕ್ಕೆ ಹೇಗಂತೀರಿ, ಬರೆದು ತಿಳಿಸಿ. ಭದ್ರಾವತಿಯ ತಮಿಳು ಮನೆಗಳಲ್ಲಿ ಈಗಿನ ಹುಡುಗರು "ವರೇನ್ ಅಂತ ಸೊನ್ನಾನ್" ಅಂತ ನಡುವೆ ಕನ್ನಡದ ಅಂತ ಸೇರಿಸುತ್ತಾರಂತೆ. ಯಾರಂದ್ರು ಅಂತ ಕೇಳಬೇಡಿ :-)